ನಾಟಿ ಪೋನಿಗಳು: ಬಣ್ಣ ಬಿಡಿ, ಮೂತಿ, ಬಾಲ, ಕಾಲು ನೋಡಿ

ಪೋನಿ ಎಂದರೆ ಕುದುರೆಮರಿ ಎಂದು ಬರೆಯುವವರು ಇನ್ನೂ ಇದ್ದಾರೆ. ಮರಿ ಬೆಳೆದು ಕುದುರೆಯಾಗುತ್ತದೆ. ಪೋನಿ ಇಪ್ಪತ್ತೈದು ವರ್ಷ ಬದುಕಿದರೂ ಪೋನಿಯೇ. ಹಳಬರು ‘ತಟ್ಟು’ ಎನ್ನುತ್ತಿದ್ದರಲ್ಲ, ಅದೇ ಇದು. ಸ್ಪರ್ಧೆಗಳ ಲೆಕ್ಕದಲ್ಲಿ ಲಾಳವಿಲ್ಲದೆ 148 ಸೆಂ.ಮೀ. ಮೀರದ್ದು ಪೋನಿ. ಆದರೆ ಎತ್ತರವೊಂದನ್ನೇ ಹಿಡಿದು ಕೂತರೆ ಪ್ರಯೋಜನವಿಲ್ಲ. ಕುಳ್ಳಗಿರುವ ಕುದುರೆಗೂ ಪೋನಿಗೂ ಮೈಕಟ್ಟೇ ಬೇರೆ. ಪೋನಿಯ ಕಾಲು ಅದರ ಮೈಗೆ ಹೋಲಿಸಿದರೆ ಗಿಡ್ಡ, ಎದೆಗೂಡು ಆಳ, ಮೊಣಕಾಲಿನ ಕೆಳಗಿನ ಎಲುಬು ದಪ್ಪ, ಹಣೆ ಅಗಲ, ಜೂಲು ಮತ್ತು ಬಾಲ ದಟ್ಟ.

ಈ ಬರಹ ಬ್ರಿಟನ್ ಮತ್ತು ಐರ್ಲೆಂಡಿನ ನಾಟಿ ತಳಿಗಳ ಬಗ್ಗೆ. ಬೆಟ್ಟಗಳಲ್ಲಿ ಮತ್ತು ಮೂರ್‌ಗಳಲ್ಲಿ ಬೆಳೆದವು ಎಂಬ ಅರ್ಥದಲ್ಲಿ ಅಲ್ಲಿ ಇವಕ್ಕೆ ‘ಮೌಂಟನ್ ಅಂಡ್ ಮೂರ್‌ಲ್ಯಾಂಡ್’ ಎಂಬ ಒಟ್ಟು ಹೆಸರಿದೆ. ಮೂರ್ ಎಂದರೆ ಮರಗಳಿಲ್ಲದ, ಹೀದರ್ ಪೊದೆ ಮತ್ತು ಒರಟು ಹುಲ್ಲು ಹಬ್ಬಿದ, ವರ್ಷದ ಬಹುಪಾಲು ಒದ್ದೆಯಾಗಿರುವ ಎತ್ತರದ ನೆಲ. ಚಿತ್ರ ನೋಡಿ ಈ ತಳಿಗಳನ್ನು ಗುರುತಿಸಲು ಹೊರಟವರು ಮೊದಲು ಬಣ್ಣಕ್ಕೆ ಕಣ್ಣು ಹಾಕುತ್ತಾರೆ, ಅಲ್ಲೇ ಎಡವುತ್ತಾರೆ. ಒಂದು ತಳಿ ಯಾವ ನೆಲದಲ್ಲಿ ಚಳಿಗಾಲ ಕಳೆಯಿತು, ಯಾವ ಹೊರೆ ಹೊತ್ತಿತು ಎಂಬುದು ಅದರ ಮೂತಿಯಲ್ಲಿ, ಬಾಲದ ಬುಡದಲ್ಲಿ, ಕಾಲಿನ ಎಲುಬಿನಲ್ಲಿ ಉಳಿದಿರುತ್ತದೆ. ಅಲ್ಲಿ ನೋಡುವ ಅಭ್ಯಾಸವಾದರೆ ಒಂದನ್ನೊಂದು ಹೋಲುವ ಜೋಡಿಗಳೂ ಬೇರೆಬೇರೆಯಾಗಿ ಕಾಣತೊಡಗುತ್ತವೆ.

ಅದಕ್ಕೂ ಮೊದಲು ಎರಡು ಗೊಂದಲಗಳನ್ನು ಬಗೆಹರಿಸಿಕೊಳ್ಳಬೇಕು.

ಮೊದಲನೆಯದು ಅಳತೆ. ಪೋನಿಯ ಎತ್ತರವನ್ನು ‘ಹ್ಯಾಂಡ್’ನಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಅಂಗುಲ, ಅಂದರೆ 10.16 ಸೆಂ.ಮೀ. 12.2 ಎಂದು ಬರೆದಿದ್ದರೆ ಅದು ಹನ್ನೆರಡು ಹ್ಯಾಂಡ್ ಮತ್ತು ಎರಡು ಅಂಗುಲ. ಚುಕ್ಕಿಯ ಆಚೆಯದು ದಶಾಂಶವಲ್ಲ, ಆದ್ದರಿಂದ 12.4 ಎಂಬ ಅಳತೆಯೇ ಇಲ್ಲ, 12.3 ಆದಮೇಲೆ ಬರುವುದು 13. ಹಾಗೆ ನೋಡಿದರೆ 12.2 ಎಂದರೆ 50 ಅಂಗುಲ, 127 ಸೆಂ.ಮೀ. ದಶಾಂಶ ಎಂದುಕೊಂಡು 12.2ನ್ನು 10.16ರಿಂದ ಗುಣಿಸಿದರೆ 124 ಬರುತ್ತದೆ. ಮೂರು ಸೆಂ.ಮೀ. ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ತಳಿಯ ಮಿತಿಯ ಅಂಚಿನಲ್ಲಿರುವ ಪೋನಿ ತಳಿಪುಸ್ತಕದ, ಅಂದರೆ ಆ ತಳಿಯ ನೋಂದಣಿ ಪುಸ್ತಕದ, ಒಳಗೋ ಹೊರಗೋ ಎಂದು ತೀರ್ಮಾನವಾಗುವುದು ಅಷ್ಟರಲ್ಲೇ. ಅಳೆಯುವುದು ತಲೆಯವರೆಗೆ ಅಲ್ಲ, ಕತ್ತು ಬೆನ್ನಿಗೆ ಸೇರುವ ಕಡೆ ಎದ್ದು ಕಾಣುವ ಹೆಗಲುದಿಬ್ಬದ ತುದಿಗೆ. ನೆಲ ಗಟ್ಟಿಯಾಗಿ ಮಟ್ಟವಾಗಿರಬೇಕು, ಮುಂಗಾಲು ಎರಡೂ ನೇರವಾಗಿ ಜೊತೆಯಲ್ಲಿರಬೇಕು, ತಲೆ ಸಹಜ ಎತ್ತರದಲ್ಲಿರಬೇಕು. ತಲೆ ತಗ್ಗಿದರೆ ಹೆಗಲುದಿಬ್ಬ ಮೇಲೇಳುತ್ತದೆ. ಗಾಬರಿಯಿಂದ ಮೈ ಬಿಗಿಹಿಡಿದರೂ ಅಳತೆ ಹೆಚ್ಚಾಗುತ್ತದೆ. ಅಳತೆಕೋಲಿನ ಅಡ್ಡಪಟ್ಟಿಯಲ್ಲಿ ರಸಮಟ್ಟ ಇರಲೇಬೇಕು, ಇಲ್ಲದಿದ್ದರೆ ಆ ಅಳತೆ ಬರೀ ಅಂದಾಜು.

ಎರಡನೆಯದು ‘ಡನ್’ ಎಂಬ ಬಣ್ಣದ ಹೆಸರು. ಮೂರು ತಳಿಗಳಲ್ಲಿ ಈ ಒಂದೇ ಪದವಿದೆ, ಮೂರರಲ್ಲೂ ಅರ್ಥ ಬೇರೆ. ಹೈಲ್ಯಾಂಡ್ ಪೋನಿಯ ಡನ್ ನಿಜವಾದ ಡನ್ ಜೀನಿನಿಂದ ಬಂದದ್ದು. ಮೈಬಣ್ಣ ತಿಳಿಯಾಗುತ್ತದೆ, ಆದರೆ ಬೆನ್ನಿನ ಉದ್ದಕ್ಕೂ ಜೂಲಿನಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ ಗೆರೆ ಎಳೆದಂತೆ ಉಳಿಯುತ್ತದೆ, ಕಾಲಿನ ಮೇಲ್ಭಾಗದಲ್ಲಿ ಜೀಬ್ರಾದಂಥ ಅಡ್ಡಗೆರೆ ಕಾಣಬಹುದು. ಕಾನೆಮಾರಾ ಪೋನಿಯಲ್ಲಿ ಡನ್ ಎಂದು ಕರೆಯುವುದು ಹೆಚ್ಚಾಗಿ ಕ್ರೀಮ್ ಜೀನ್ ಬೆರೆತ ಕಂದು, ಬೇರೆಡೆ ಬಕ್‌ಸ್ಕಿನ್ ಎನ್ನುವ ಬಣ್ಣ. ಅಲ್ಲಿ ಆ ಸ್ಪಷ್ಟ ಬೆನ್ನುಪಟ್ಟೆಯನ್ನು ಹುಡುಕುವಂತಿಲ್ಲ. ಎಕ್ಸ್‌ಮೂರಿನ ಡನ್ ಎಂದರೆ ತುಸು ತಿಳಿಯಾದ ಕಂದು, ಅಷ್ಟೇ. ಬಣ್ಣದ ಹೆಸರು ನಂಬಿ ತಳಿಸಂಕರದ ಲೆಕ್ಕ ಹಾಕುವವರು ಇದನ್ನು ತಿಳಿದಿರಲೇಬೇಕು. ತಂದೆಯಿಂದೊಂದು ತಾಯಿಯಿಂದೊಂದು ಎಂದು ಡನ್ ಜೀನ್ ಎರಡು ಪ್ರತಿ ಸೇರಿದರೂ ಮರಿ ಡನ್ನೇ. ಕ್ರೀಮ್ ಜೀನ್ ಎರಡು ಪ್ರತಿ ಸೇರಿದರೆ ನೀಲಿಗಣ್ಣಿನ, ತೆಳುಗುಲಾಬಿ ಚರ್ಮದ ಕೆನೆಬಣ್ಣದ ಮರಿ ಹುಟ್ಟುತ್ತದೆ.

ಎಕ್ಸ್‌ಮೂರ್ ಮತ್ತು ಡಾರ್ಟ್‌ಮೂರ್

ಎರಡೂ ಇಂಗ್ಲೆಂಡಿನ ನೈಋತ್ಯ ಮೂಲೆಯವು, ಎತ್ತರ ಹೆಚ್ಚುಕಡಿಮೆ ಒಂದೇ. ಡಾರ್ಟ್‌ಮೂರ್ 12.2 ಮೀರಬಾರದು, ಎಕ್ಸ್‌ಮೂರಿನ ಹೆಣ್ಣಿಗೆ 12.2, ಗಂಡಿಗೆ 12.3. ಹೆಸರೂ ಹತ್ತಿರ, ಊರೂ ಹತ್ತಿರ. ಹಾಗಾಗಿಯೇ ಜನ ಅದಲುಬದಲು ಮಾಡುತ್ತಾರೆ. ಆದರೆ ಎರಡನ್ನೂ ಒಮ್ಮೆ ಸರಿಯಾಗಿ ನೋಡಿದ ಮೇಲೆ ಮತ್ತೆ ತಪ್ಪಲು ಸಾಧ್ಯವೇ ಇಲ್ಲ.

ಎಕ್ಸ್‌ಮೂರಿನ ಮುಖ ನೋಡಿ. ಮೂತಿಯ ಸುತ್ತ ಹಿಟ್ಟಿನಲ್ಲಿ ಅದ್ದಿ ತೆಗೆದಂತೆ ಮಾಸಲು ಬಿಳುಪು. ಕಣ್ಣಿನ ಸುತ್ತಲೂ ಅದೇ ಬಣ್ಣದ ಉಂಗುರ. ಹೊಟ್ಟೆಯ ಕೆಳಗೆ, ತೊಡೆಯ ಒಳಬದಿಯಲ್ಲೂ ಅದೇ. ಕಣ್ಣಿನ ಮೇಲೂ ಕೆಳಗೂ ಮಾಂಸಲವಾದ ಉಬ್ಬಿದೆ, ಅದನ್ನು ಕಪ್ಪೆಗಣ್ಣು ಎಂಬ ಅರ್ಥದಲ್ಲಿ ‘ಟೋಡ್ ಐ’ ಎನ್ನುತ್ತಾರೆ. ಮಳೆಹನಿ, ಹಿಮದ ಹೊಡೆತ ಕಣ್ಣಿಗೆ ನೇರವಾಗಿ ಬೀಳದಂತೆ ಕಟ್ಟಿದ ಚಜ್ಜದ ಹಾಗೆ ಅದು ಕೆಲಸ ಮಾಡುತ್ತದೆ. ಮೈಬಣ್ಣ ಕಂದು, ಕಡುಗಂದು ಅಥವಾ ಮೇಲೆ ಹೇಳಿದ ಡನ್. ಬಿಳಿ ಗುರುತು ಎಲ್ಲಿಯೂ ಇರಕೂಡದು. ಹಣೆಯ ಮೇಲೆ ಪುಟ್ಟ ಬಿಳಿಚುಕ್ಕೆ ಇದ್ದರೂ ತಳಿಯ ಗುಣಮಟ್ಟಕ್ಕೆ ಅದು ಕುಂದು.

ಇದರ ಚಳಿಗಾಲದ ಮೈಕೂದಲನ್ನು ಕೈಯಿಂದ ಬಿಡಿಸಿ ನೋಡಬೇಕು. ಹೊರಗೆ ಒರಟಾದ, ಜಿಡ್ಡು ಹಿಡಿದ ಉದ್ದ ಕೂದಲು. ಮಳೆಯಲ್ಲಿ ಅದು ಗೊಂಚಲು ಗೊಂಚಲಾಗಿ ಅಂಟಿಕೊಂಡು ಹುಲ್ಲು ಹೊದಿಸಿದ ಮಾಡಿನಂತೆ ನೀರನ್ನು ಕೆಳಗೆ ಇಳಿಸುತ್ತದೆ. ಅದನ್ನು ಬದಿಗೆ ಸರಿಸಿದರೆ ಒಳಗೆ ತುಪ್ಪಳದಂಥ ಮೃದು ಪದರ, ಬೆರಳಿಗೆ ಒಣಗಿಯೂ ಬೆಚ್ಚಗೂ ತಾಗುತ್ತದೆ. ಹಿಮ ಬಿದ್ದಾಗ ಬೆನ್ನ ಮೇಲೆ ಹಿಮ ಕರಗದೆ ಹಾಗೇ ಕೂತಿರುತ್ತದೆ. ಒಳಗಿನ ಶಾಖ ಹೊರಗೆ ಸೋರುತ್ತಿಲ್ಲ ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಡ. ಬಾಲದ ಬುಡದಲ್ಲಿ ಗಿಡ್ಡ ಕೂದಲು ಬೀಸಣಿಗೆಯಂತೆ ಹರಡಿರುತ್ತದೆ. ಬೆನ್ನಿನಿಂದ ಇಳಿದ ನೀರು ತೊಡೆಯ ಸಂದಿಗೆ ಹೋಗದೆ ಆ ಬೀಸಣಿಗೆಯ ಮೇಲಿಂದ ಎರಡೂ ಬದಿಗೆ ಚದುರುತ್ತದೆ. ಬೇಸಿಗೆಗೆ ಇದೆಲ್ಲ ಉದುರಿ ಮೈ ನುಣುಪಾಗಿ ಹೊಳೆಯುತ್ತದೆ. ಬೇಸಿಗೆಯ ಚಿತ್ರದಲ್ಲೇ ಎಕ್ಸ್‌ಮೂರನ್ನು ಕಂಡವರು ಜನವರಿಯಲ್ಲಿ ಅದನ್ನು ಗುರುತಿಸದೆ ಹೋಗುವುದೂ ಉಂಟು.

ಸಾಕುವವರು ಮಾಡುವ ದೊಡ್ಡ ತಪ್ಪು ಇಲ್ಲಿಯೇ ಇದೆ. ಈ ಜಿಡ್ಡನ್ನು ಕೊಳೆ ಎಂದುಕೊಂಡು ಶಾಂಪೂ ಹಾಕಿ ತೊಳೆಯುತ್ತಾರೆ, ಗಡಸು ಬ್ರಷ್‌ನಿಂದ ಉಜ್ಜುತ್ತಾರೆ, ಮೇಲೊಂದು ಹೊದಿಕೆ ಹಾಕುತ್ತಾರೆ. ಜಿಡ್ಡು ಹೋದರೆ ಮಳೆ ನೇರ ಚರ್ಮಕ್ಕಿಳಿಯುತ್ತದೆ. ಹೊದಿಕೆಯ ಭಾರಕ್ಕೆ ಕೂದಲು ಚಪ್ಪಟೆಯಾಗಿ, ಅದರ ನಡುವೆ ನಿಲ್ಲಬೇಕಾದ ಬೆಚ್ಚನೆಯ ಗಾಳಿ ನಿಲ್ಲುವುದಿಲ್ಲ. ಬಯಲಿನಲ್ಲಿರುವ ಆರೋಗ್ಯವಂತ ನಾಟಿ ಪೋನಿಗೆ ಚಳಿಗಾಲದಲ್ಲಿ ಬೇಕಾದದ್ದು ಗಾಳಿಗೆ ಮರೆ, ಹುಲ್ಲು ಮತ್ತು ನೀರು. ಗೊರಸಿನ ಕೆಸರು ತೆಗೆಯಿರಿ, ಮೈಯನ್ನು ಅದರ ಪಾಡಿಗೆ ಬಿಡಿ.

ಎಕ್ಸ್‌ಮೂರ್ ಹೀಗೆ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ. ತಳಿ ಸಂಘ 1921ರಲ್ಲಿ ಶುರುವಾಯಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಉಳಿದದ್ದು ಸುಮಾರು 50 ಮಾತ್ರ. ಮಾಂಸಕ್ಕಾಗಿ ಕದ್ದೊಯ್ದರು, ಸೈನಿಕರ ಗುಂಡಿನ ಅಭ್ಯಾಸಕ್ಕೂ ಬಲಿಯಾದವು. ಮೇರಿ ಎಥರಿಂಗ್ಟನ್ ಎಂಬಾಕೆ ಮತ್ತು ಕೆಲವು ರೈತರು ಪಟ್ಟುಹಿಡಿದು ನಿಂತು ಉಳಿಸಿದ್ದರಿಂದ ಇಂದು ಇದೆ. ಇಡೀ ತಳಿ ಆ ಬೆರಳೆಣಿಕೆಯ ಪೋನಿಗಳ ಸಂತಾನ. ಹಾಗಾಗಿ ಗಂಡು ಹೆಣ್ಣು ಜೋಡಿ ಮಾಡುವಾಗ ರೂಪಕ್ಕಿಂತ ವಂಶಾವಳಿ ನೋಡುವುದು ಇಲ್ಲಿ ಹೆಚ್ಚು ಮುಖ್ಯ.

ಡಾರ್ಟ್‌ಮೂರ್ ಇದಕ್ಕೆ ತದ್ವಿರುದ್ಧ. ಅದರ ಮೂತಿಯಲ್ಲಿ ಹಿಟ್ಟಿನ ಬಣ್ಣವಿಲ್ಲ, ಕಣ್ಣಿನ ಸುತ್ತ ಉಬ್ಬಿಲ್ಲ. ತಲೆ ಚಿಕ್ಕದು, ಕಿವಿ ಪುಟ್ಟದು, ಭುಜ ಹಿಂದಕ್ಕೆ ಓರೆಯಾಗಿ ಒರಗಿದೆ. ಭುಜ ಹಾಗೆ ಓರೆಯಾಗಿದ್ದರೆ ಮುಂಗಾಲು ಮೊಣಕಾಲಿನಿಂದ ಮೇಲೇಳದೆ ಭುಜದಿಂದಲೇ ಮುಂದಕ್ಕೆ ಚಾಚುತ್ತದೆ. ಕುಲುಕಾಟ ಕಡಿಮೆ. ಮಕ್ಕಳ ಸವಾರಿಗೆ ಡಾರ್ಟ್‌ಮೂರ್ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಈ ನಡಿಗೆಯಿಂದಲೇ. ಬಣ್ಣ ಕಂದು, ಕಪ್ಪು, ಬೂದು, ಕೆಂಗಂದು, ಮೈಬಣ್ಣದಲ್ಲಿ ಬಿಳಿ ಕೂದಲು ಬೆರೆತ ರೋನ್ ಯಾವುದೂ ಇರಬಹುದು. ದೊಡ್ಡ ದೊಡ್ಡ ಬಿಳಿ ಮಚ್ಚೆಯ ಪೋನಿಗೆ ಮಾತ್ರ ಪುಸ್ತಕದಲ್ಲಿ ಜಾಗವಿಲ್ಲ.

ಡಾರ್ಟ್‌ಮೂರಿಗೆ ಪ್ರವಾಸ ಹೋದವರು ಅಲ್ಲಿ ಮಚ್ಚೆಮಚ್ಚೆಯ ಪೋನಿಗಳನ್ನು ಕಂಡು ಬಂದಿರುತ್ತಾರಲ್ಲ, ಹಾಗಾದರೆ ಅವು ಯಾವುವು? ಅವು ಡಾರ್ಟ್‌ಮೂರ್ ಹಿಲ್ ಪೋನಿಗಳು. ಅದೇ ಬೆಟ್ಟದಲ್ಲಿ ಮೇಯುತ್ತವೆ, ಆದರೆ ಆ ತಳಿಪುಸ್ತಕದವಲ್ಲ. ಗಣಿಯ ಸುರಂಗಗಳಿಗೆ ಗಿಡ್ಡ ಪೋನಿ ಬೇಕೆಂದು ಒಂದು ಕಾಲಕ್ಕೆ ಶೆಟ್ಲೆಂಡ್ ಗಂಡುಗಳನ್ನು ಅಲ್ಲಿ ಬಿಟ್ಟಿದ್ದರು, ಆ ರಕ್ತವೂ ಬೆರೆತಿದೆ. ಇವು ಕೀಳು ಎಂದಲ್ಲ. ಚಳಿ, ಮಳೆ, ಒರಟು ಹುಲ್ಲಿನಲ್ಲಿ ಬದುಕುವ ಕಸುವು ಇವಕ್ಕೂ ಇದೆ. ಕೊಳ್ಳುವವರು ಮಾತ್ರ ಪೋನಿಯ ಗುರುತಿನ ದಾಖಲೆಯಾದ ಪಾಸ್‌ಪೋರ್ಟ್ ತೆರೆದು ಯಾವ ಪುಸ್ತಕದಲ್ಲಿ ನೋಂದಣಿಯಾಗಿದೆ ಎಂದು ಓದಿಕೊಳ್ಳಬೇಕು. ಈ ಪೋನಿಗಳಿಗೆಲ್ಲ ಒಡೆಯರಿದ್ದಾರೆ ಎಂಬುದೂ ನೆನಪಿರಲಿ. ನೋಡಲು ಕಾಡುಪ್ರಾಣಿಯಂತಿದ್ದರೂ ಕಾಡುಪ್ರಾಣಿಗಳಲ್ಲ.

ಫೆಲ್ ಮತ್ತು ಡೇಲ್ಸ್

ಉತ್ತರ ಇಂಗ್ಲೆಂಡಿನಲ್ಲಿ ಪೆನೈನ್ ಬೆಟ್ಟಸಾಲು ಬೆನ್ನುಹುರಿಯಂತೆ ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ, ಕಂಬ್ರಿಯಾದ ಕಡೆ ಇರುವುದು ಫೆಲ್. ಪೂರ್ವಕ್ಕೆ ಟೈನ್, ವೇರ್, ಟೀಸ್, ಸ್ವೇಲ್ ನದಿಗಳ ಕಣಿವೆಗಳದ್ದು ಡೇಲ್ಸ್. ಎರಡರ ಹಿಂದೆಯೂ ಗ್ಯಾಲವೇ ಎಂಬ, ಈಗ ಅಳಿದುಹೋದ ಸವಾರಿ ಪೋನಿಯ ರಕ್ತವಿದೆ. ಎರಡೂ ಹೆಚ್ಚಾಗಿ ಕಪ್ಪು ಅಥವಾ ಕಡುಗಂದು, ಎರಡಕ್ಕೂ ಗೊರಸಿನ ಮೇಲೆ ರೇಷ್ಮೆಯಂತೆ ಇಳಿಬಿದ್ದ ಕೂದಲು.

ಇವು ಹೊತ್ತದ್ದು ಸೀಸ. ಬೆಟ್ಟದ ಗಣಿಯಿಂದ ಕರಗಿಸುವ ಕುಲುಮೆಗೆ, ಅಲ್ಲಿಂದ ಬಂದರಿಗೆ. ಒಂದೊಂದರ ಬೆನ್ನ ಮೇಲೆ ಸುಮಾರು 240 ಪೌಂಡ್, ಅಂದರೆ 109 ಕಿಲೋ. ಒಂಬತ್ತರಿಂದ ಇಪ್ಪತ್ತು ಪೋನಿಗಳ ಗುಂಪು, ಹಗ್ಗವಿಲ್ಲದೆ ಬಿಡುಬೀಸಾಗಿ ನಡೆಯುತ್ತಿದ್ದವು. ಕುದುರೆ ಏರಿದ ಒಬ್ಬ ಇಡೀ ಗುಂಪನ್ನು ನೋಡಿಕೊಳ್ಳುತ್ತಿದ್ದ. ಹಗ್ಗವಿಲ್ಲದೆ ನಡೆಯುವ ಪೋನಿ ಕಾಲಿಡುವ ಜಾಗವನ್ನು ತಾನೇ ಆರಿಸಬೇಕು. ಕಲ್ಲು, ಜೌಗು, ಇಳಿಜಾರು ಯಾವುದು ಬಂದರೂ ಸವಾರನಿಗೆ ಕಾಯದೆ ಹೆಜ್ಜೆ ಹುಡುಕುವ ಈ ಗುಣ ಎರಡರಲ್ಲೂ ಇಂದಿಗೂ ಇದೆ.

ಬೇರ್ಪಡಿಸುವುದು ಹೇಗೆ? ಮೊದಲು ಎತ್ತರ. ಫೆಲ್ 14 ಹ್ಯಾಂಡ್ ಮೀರಬಾರದು, ಡೇಲ್ಸ್ 14.2ರವರೆಗೆ ಹೋಗುತ್ತದೆ. ಆಮೇಲೆ ಕಾಲು. ಹತ್ತೊಂಬತ್ತನೇ ಶತಮಾನದಲ್ಲಿ ಡೇಲ್ಸ್ ತಳಿಗೆ ಕಾಮೆಟ್ ಎಂಬ ವೆಲ್ಷ್ ಕಾಬ್ (ವೇಲ್ಸ್‌ನ ಗಟ್ಟಿಮುಟ್ಟಾದ ತಳಿ) ಗಂಡಿನ ರಕ್ತ ಬಂತು, ಗಾಡಿ ಎಳೆಯಲೆಂದು ಕ್ಲೈಡ್ಸ್‌ಡೇಲ್ ಎಂಬ ಭಾರದ ಕುದುರೆಯೂ ಬೆರೆಯಿತು. ಆದ್ದರಿಂದ ಡೇಲ್ಸ್ ಹೆಚ್ಚು ಅಗಲ, ಹೆಚ್ಚು ತೂಕ, ಟ್ರಾಟ್ (ಎದುರುಬದುರು ಮೂಲೆಯ ಕಾಲುಗಳನ್ನು ಜೋಡಿಯಾಗಿ ಎತ್ತಿಡುವ ಓಟ) ಮಾಡುವಾಗ ಮೊಣಕಾಲನ್ನೂ ಹಿಂಗಾಲಿನ ಕೀಲನ್ನೂ ಎತ್ತಿ ಎತ್ತಿ ಹಾಕುತ್ತದೆ, ಹಿಂದಿನಿಂದ ತಳ್ಳುವ ಬಲ ಎದ್ದು ಕಾಣುತ್ತದೆ. ಫೆಲ್ ಸವಾರಿಯ ಮೈಕಟ್ಟು ಉಳಿಸಿಕೊಂಡಿದೆ, ಹೆಜ್ಜೆ ಉದ್ದ, ಏರಿಳಿತ ಕಡಿಮೆ. ಫೆಲ್‌ನ ಗೊರಸು ದುಂಡಗೆ, ನೀಲಿ ಛಾಯೆಯ ಗಟ್ಟಿ ಕೊಂಬಿನಂತಿರಬೇಕು ಎನ್ನುವುದು ತಳಿ ಗುಣಮಟ್ಟದ ಮಾತು. ಮೊಣಕಾಲಿನ ಕೆಳಗೆ ಟೇಪು ಸುತ್ತಿದರೆ ಕನಿಷ್ಠ 8 ಅಂಗುಲ ಎಲುಬು ಸಿಗಬೇಕು. ಹೀಗೆ ಅಳೆಯುವಾಗ ಕೂದಲನ್ನು ಒತ್ತಿ ಟೇಪು ಬಿಗಿಹಿಡಿಯಬೇಕು. ಚಳಿಗಾಲದ ಕೂದಲಿನ ಮೇಲೆ ಸಡಿಲವಾಗಿ ಸುತ್ತಿದರೆ ಇಲ್ಲದ ಎಲುಬು ಟೇಪಿನಲ್ಲಿ ಕಾಣುತ್ತದೆ.

ಬಿಳಿ ಗುರುತಿನ ನಿಯಮವೂ ಒಂದು ಸುಳಿವು. ಡೇಲ್ಸ್‌ಗೆ ಹಣೆಯಲ್ಲಿ ಚುಕ್ಕೆ ಅಥವಾ ಮೂಗಿನ ತುದಿಯಲ್ಲಿ ಸಣ್ಣ ಗುರುತು, ಜೊತೆಗೆ ಹಿಂಗಾಲಿನಲ್ಲಿ ಗೊರಸಿನ ಮೇಲಿನ ಗಿಣ್ಣಿನವರೆಗೆ ಮಾತ್ರ ಬಿಳಿ ಇರಬಹುದು. ಮುಂಗಾಲಿನಲ್ಲಿ ಬಿಳಿ ಕಂಡರೆ ಶುದ್ಧ ಡೇಲ್ಸ್ ಎಂಬ ಮಾತನ್ನು ಒಮ್ಮೆ ಪರಿಶೀಲಿಸಿ.

ಈ ಎರಡೂ ತಳಿಗಳು ಒಂದು ಕೆಟ್ಟ ಕಾಯಿಲೆಯನ್ನೂ ಹಂಚಿಕೊಂಡಿವೆ. ಹುಟ್ಟಿದಾಗ ಮರಿ ಚೆನ್ನಾಗಿಯೇ ಇರುತ್ತದೆ, ಎದ್ದು ಹಾಲು ಕುಡಿಯುತ್ತದೆ. ಮೂರ್ನಾಲ್ಕು ವಾರವಾಗುತ್ತಿದ್ದಂತೆ ರಕ್ತಹೀನತೆ, ಭೇದಿ, ಕೆಮ್ಮು. ಯಾವ ಔಷಧಿಗೂ ಬಗ್ಗದೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಸಾಯುತ್ತದೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮುಗಿಯುವ ಹೊತ್ತಿಗೆ ಸ್ವಂತದ್ದು ಹುಟ್ಟದೇ ಹೋಗುವುದೇ ಕಾರಣ. ಮೊದಲು ಇದನ್ನು ಫೆಲ್ ಪೋನಿ ಸಿಂಡ್ರೋಮ್ ಎನ್ನುತ್ತಿದ್ದರು. ಡೇಲ್ಸ್‌ನಲ್ಲೂ ಕಂಡಮೇಲೆ ಫೋಲ್ ಇಮ್ಯುನೊಡಿಫಿಶಿಯನ್ಸಿ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಕಾರಣವಾದ ಜೀನಿನ ಪರೀಕ್ಷೆ 2010ರಿಂದ ಸಿಗುತ್ತಿದೆ. ಬುಡಸಮೇತ ಕಿತ್ತ ಕೆಲವು ಕೂದಲು ಅಥವಾ ಸ್ವಲ್ಪ ರಕ್ತ ಕಳಿಸಿದರೆ ಸಾಕು. ಕೆಟ್ಟ ಜೀನಿನ ಒಂದೇ ಪ್ರತಿಯಿದ್ದು ತಾನು ಆರೋಗ್ಯವಾಗಿರುವ ಪೋನಿಯನ್ನು ವಾಹಕ ಎನ್ನುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕಗಳಾದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದು ಮಾತ್ರ ವಾಹಕವಾದರೆ ಮರಿಗೆ ಕಾಯಿಲೆ ಬರುವುದೇ ಇಲ್ಲ, ಅರ್ಧದಷ್ಟು ಮರಿಗಳು ವಾಹಕಗಳಾಗುತ್ತವೆ, ಅಷ್ಟೇ. ಇದನ್ನು ತಿಳಿಯದವರು ವಾಹಕ ಎಂದ ಕೂಡಲೇ ಒಳ್ಳೆಯ ಹೆಣ್ಣನ್ನು ತಳಿಯಿಂದಲೇ ತೆಗೆದುಹಾಕುತ್ತಾರೆ. 1955ರಲ್ಲಿ ಡೇಲ್ಸ್ ಪುಸ್ತಕಕ್ಕೆ ಸೇರಿದ್ದು ನಾಲ್ಕೇ ಹೆಣ್ಣು ಮರಿ. ಇಷ್ಟು ಕಿರಿದಾದ ಬಾಗಿಲಿನಿಂದ ಹಾದುಬಂದ ತಳಿಯಲ್ಲಿ ಒಂದೊಂದು ವಂಶವೂ ಬೆಲೆಬಾಳುವಂಥದ್ದು. ವಾಹಕವನ್ನು ವಾಹಕವಲ್ಲದ್ದರ ಜೊತೆ ಮಾತ್ರ ಕೂಡಿಸಿ. ಅದೇ ಸರಿಯಾದ ದಾರಿ.

ವೆಲ್ಷ್: ನಾಲ್ಕು ಅಕ್ಷರಗಳ ಮನೆತನ

ವೇಲ್ಸ್‌ನ ತಳಿಪುಸ್ತಕ ಒಂದೇ, ವಿಭಾಗ ನಾಲ್ಕು. ಎ ಎಂದರೆ ವೆಲ್ಷ್ ಮೌಂಟನ್ ಪೋನಿ, 12 ಹ್ಯಾಂಡ್ ಮೀರಬಾರದು. ಬಿ ಮತ್ತು ಸಿ ಎರಡಕ್ಕೂ ಮಿತಿ 13.2. ಡಿ ಎಂದರೆ ವೆಲ್ಷ್ ಕಾಬ್, 13.2ಕ್ಕಿಂತ ಮೇಲೆ, ಎತ್ತರಕ್ಕೆ ಮಿತಿಯಿಲ್ಲ. ಹಾಗಾಗಿ 148 ಸೆಂ.ಮೀ. ದಾಟಿದ ಡಿ ಕೂಡ ನಾಟಿ ತಳಿಯದ್ದೇ, ಎತ್ತರದ ಲೆಕ್ಕಕ್ಕೆ ಮಾತ್ರ ಪೋನಿಯಲ್ಲ.

ಜನ ತಡವರಿಸುವುದು ಬಿ ಮತ್ತು ಸಿ ನಡುವೆ, ಎತ್ತರ ಒಂದೇ ಆದ್ದರಿಂದ. ಅಕ್ಷರ ಏರಿದಂತೆ ಗಾತ್ರವೂ ಗುಣವೂ ಮೆಟ್ಟಿಲಂತೆ ಏರುತ್ತದೆ ಎಂದು ತಿಳಿಯುವುದೇ ತಪ್ಪು. ಬಿ ಎಂಬುದು ಎ ಪೋನಿಯನ್ನು ಸವಾರಿಯ ಕಡೆಗೆ ಎಳೆದದ್ದು: ಕಾಲು ಉದ್ದ, ಕತ್ತು ನೀಳ, ನಡಿಗೆ ನೆಲಕ್ಕೆ ಹತ್ತಿರ, ಉದ್ದ ಹೆಜ್ಜೆ. ಸಿ ಎಂಬುದು ಡಿ ಕಾಬನ್ನು ಕುಗ್ಗಿಸಿದಂತಿದೆ: ಎದೆ ಅಗಲ, ಕಾಲು ಗಿಡ್ಡ, ಗಿಣ್ಣಿನಲ್ಲಿ ತುಸು ಕೂದಲು, ಟ್ರಾಟ್‌ನಲ್ಲಿ ಮೊಣಕಾಲು ಮೇಲೆತ್ತಿ ಮುಂದಕ್ಕೆ ಎಸೆಯುವ ಬಿರುಸು. ನಿಂತಾಗ ಸಂದೇಹ ಉಳಿದರೆ ಟ್ರಾಟ್ ಮಾಡಿಸಿ ನೋಡಿ, ಹತ್ತು ಹೆಜ್ಜೆಯಲ್ಲಿ ಉತ್ತರ ಸಿಗುತ್ತದೆ. ಎ ಪೋನಿಯ ತಲೆ ನಾಲ್ಕರಲ್ಲಿ ಅತಿ ಚೆಂದ: ಅಗಲ ಹಣೆ, ಮೂತಿಯ ಕಡೆಗೆ ಕಿರಿದಾಗುತ್ತಾ ಬಂದು ಸ್ವಲ್ಪ ಒಳಬಾಗಿದ ಮುಖ, ದೊಡ್ಡ ಕಣ್ಣು. ಇಂದಿನ ಎ ಪೋನಿಗಳಲ್ಲಿ ಬೂದುಬಣ್ಣ ಇಷ್ಟೊಂದು ಕಾಣಿಸುವುದಕ್ಕೆ 1894ರಲ್ಲಿ ಹುಟ್ಟಿದ ಡಯೋಲ್ ಸ್ಟಾರ್‌ಲೈಟ್ ಎಂಬ ಬೂದು ಗಂಡಿನ ಪ್ರಭಾವ ದೊಡ್ಡ ಕಾರಣ.

ಜಾಹೀರಾತಿನಲ್ಲಿ ‘ವೆಲ್ಷ್’ ಎಂದಷ್ಟೇ ಬರೆದಿದ್ದರೆ ಯಾವ ವಿಭಾಗ ಎಂದು ಕೇಳಿ. ‘ವೆಲ್ಷ್ ಪಾರ್ಟ್-ಬ್ರೆಡ್’ ಎಂದಿದ್ದರೆ ವೆಲ್ಷ್ ರಕ್ತ ನೂರಕ್ಕೆ 12.5 ಇದ್ದರೂ ಸಾಕು. ಅದು ಮುತ್ತಜ್ಜ ಮುತ್ತಜ್ಜಿಯರ ಎಂಟು ಜನರಲ್ಲಿ ಒಬ್ಬರ ಪಾಲು.

ಹೈಲ್ಯಾಂಡ್ ಮತ್ತು ಎರಿಸ್ಕೆ

ಹೈಲ್ಯಾಂಡ್ ಸ್ಕಾಟ್ಲೆಂಡಿನದು, 13ರಿಂದ 14.2 ಹ್ಯಾಂಡ್. ಬೇಟೆಯಾದ ಗಂಡು ಜಿಂಕೆಯನ್ನು ಬೆಟ್ಟದಿಂದ ಕೆಳಗಿಳಿಸಲು ಇಂದಿಗೂ ಕೆಲವೆಡೆ ಇದನ್ನೇ ಬಳಸುತ್ತಾರೆ. ರಕ್ತದ ವಾಸನೆಗೆ ಬೆದರದೆ ಸತ್ತ ಪ್ರಾಣಿಯ ಭಾರ ಹೊತ್ತು ಕಡಿದಾದ ಜೌಗಿನಲ್ಲಿ ಇಳಿಯುವುದು ಸುಲಭದ ಕೆಲಸವಲ್ಲ. ಎರಿಸ್ಕೆ ಹೊರ ಹೆಬ್ರಿಡೀಸ್ ದ್ವೀಪಗಳದ್ದು, 12ರಿಂದ 13.2. ಬೆನ್ನಿನ ಎರಡೂ ಬದಿ ಬುಟ್ಟಿ ಕಟ್ಟಿ ಪೀಟ್ (ಉರುವಲಾಗುವ ಜೌಗುಮಣ್ಣು) ಮತ್ತು ಕಡಲಕಳೆ ಸಾಗಿಸುತ್ತಿತ್ತು. ಗಂಡಸರು ಕಡಲಿಗೆ ಹೋದಾಗ ಹೆಂಗಸರು ಮಕ್ಕಳೇ ನೋಡಿಕೊಳ್ಳುತ್ತಿದ್ದ ಪ್ರಾಣಿಯಾದ್ದರಿಂದ ಸಿಡುಕು ಸ್ವಭಾವದ್ದಕ್ಕೆ ಅಲ್ಲಿ ಜಾಗವಿರಲಿಲ್ಲ. 1970ರ ದಶಕದ ಆರಂಭದಲ್ಲಿ ಉಳಿದದ್ದು ಇಪ್ಪತ್ತರ ಆಸುಪಾಸು. ಇಂದಿಗೂ ತೀರಾ ಅಪರೂಪ. ಹೈಲ್ಯಾಂಡಿನ ಭಾರೀ ಕಾಲಿಗೆ ಹೋಲಿಸಿದರೆ ಎರಿಸ್ಕೆಯ ಕಾಲು ಸಣ್ಣ, ಗಿಣ್ಣಿನ ಕೂದಲು ಕಡಿಮೆ, ಬಣ್ಣ ಬಹುಪಾಲು ಬೂದು.

ಬೂದು ಎಂದಾಗ ಕೊಳ್ಳುವವರಿಗೆ ಒಂದು ಮಾತು. ಬೂದು ಪೋನಿ ಹುಟ್ಟುವಾಗ ಬೂದಾಗಿರುವುದಿಲ್ಲ, ಕಪ್ಪೋ ಕಂದೋ ಡನ್ನೋ ಆಗಿ ಹುಟ್ಟಿ ವರ್ಷ ಕಳೆದಂತೆ ಬೆಳ್ಳಗಾಗುತ್ತದೆ. ಹೈಲ್ಯಾಂಡಿನ ಡನ್ ಮರಿಯೊಂದನ್ನು ಅದರ ಬಣ್ಣಕ್ಕೇ ಮನಸೋತು ಕೊಳ್ಳುವುದಾದರೆ ಮೊದಲು ಕಣ್ಣಿನ ಸುತ್ತ ಬೆಳಕಿನಲ್ಲಿ ನೋಡಿ. ಅಲ್ಲಿ ಬಿಳಿ ಕೂದಲು ಸೇರಿಕೊಂಡಿದ್ದರೆ ಆ ಡನ್ ಕೆಲವೇ ವರ್ಷಗಳದ್ದು. ತಂದೆ ತಾಯಿಯಲ್ಲಿ ಒಂದಾದರೂ ಬೂದಾಗಿರದಿದ್ದರೆ ಮರಿ ಬೂದಾಗುವುದಿಲ್ಲ.

ನ್ಯೂ ಫಾರೆಸ್ಟ್ ಮತ್ತು ಕಾನೆಮಾರಾ

ಎರಡೂ 148 ಸೆಂ.ಮೀ.ವರೆಗಿನ ಸವಾರಿ ಪೋನಿಗಳು. ನ್ಯೂ ಫಾರೆಸ್ಟ್ ದಕ್ಷಿಣ ಇಂಗ್ಲೆಂಡಿನ ಕಾಡು-ಹುಲ್ಲುಗಾವಲಿನದು, ಕನಿಷ್ಠ ಎತ್ತರದ ನಿಯಮವಿಲ್ಲ. ಕಾಡಿನಲ್ಲಿ ಮೇಯುವವು ಚಿಕ್ಕದಾಗಿಯೂ ಫಾರ್ಮಿನಲ್ಲಿ ಬೆಳೆದವು ದೊಡ್ಡದಾಗಿಯೂ ಇರುವುದರಿಂದ ಒಂದೇ ತಳಿಯೊಳಗೆ ವ್ಯತ್ಯಾಸ ಹೆಚ್ಚು. ಅಲ್ಲಿನ ಪೋನಿಯ ಬಾಲ ಕತ್ತರಿಸಿದಂತೆ ಕಂಡರೆ ಗಾಬರಿ ಬೇಡ. ಮೇಯಿಸುವ ಶುಲ್ಕ ಕಟ್ಟಿದ್ದಕ್ಕೆ ಗುರುತಾಗಿ ಅಜಿಸ್ಟರ್ ಎಂಬ ಉಸ್ತುವಾರಿಗಳು ಬಾಲದ ಕೂದಲನ್ನು ತಮ್ಮ ತಮ್ಮ ವಲಯದ ಮಾದರಿಯಲ್ಲಿ ಕತ್ತರಿಸುತ್ತಾರೆ.

ಕಾನೆಮಾರಾ ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಲ್ಲುನೆಲದ್ದು, 128ರಿಂದ 148 ಸೆಂ.ಮೀ. ತಳಿ ಸಂಘ 1923ರದ್ದು. ಹಾರುವುದರಲ್ಲಿ ಇದಕ್ಕೆ ಸಾಟಿಯಾದ ನಾಟಿ ಪೋನಿ ಇಲ್ಲವೆಂದೇ ನನ್ನ ಅಭಿಪ್ರಾಯ. ಕೊಳ್ಳುವಾಗ ಗೊರಸು ಮಾತ್ರ ಎತ್ತಿ ನೋಡಲೇಬೇಕು. ಈ ತಳಿಯಲ್ಲಿ ಗೊರಸಿನ ಗೋಡೆ ಪದರ ಪದರವಾಗಿ ಸೀಳುವ ಒಂದು ಆನುವಂಶಿಕ ತೊಂದರೆಯಿದೆ. ಮರಿ ಆರು ತಿಂಗಳು ತುಂಬುವುದರೊಳಗೆ ಕಾಣಿಸಿಕೊಳ್ಳುತ್ತದೆ. ಗೋಡೆ ಭಾರ ತಡೆಯದೆ ಪೋನಿ ಅಂಗಾಲಿನ ಮೇಲೆ ನಿಲ್ಲುತ್ತದೆ, ಅಲ್ಲಿಂದ ಮುಂದೆ ನೋವಿನ ಬದುಕು. ಇದೂ ತಂದೆ ತಾಯಿ ಇಬ್ಬರಿಂದ ಬಂದರೆ ಮಾತ್ರ ಬರುವಂಥದ್ದು, ಇದಕ್ಕೂ ಪರೀಕ್ಷೆಯಿದೆ. ಒರಟಾಗಿ ಒಡೆದ ಗೊರಸಿಗೂ ಈ ಕಾಯಿಲೆಗೂ ಇರುವ ಗುರುತು: ಸಾಮಾನ್ಯ ಬಿರುಕು ಮೇಲಿನಿಂದ ಕೆಳಕ್ಕೆ ಒಂದು ಗೆರೆಯಂತಿರುತ್ತದೆ, ಇಲ್ಲಿ ನೆಲಕ್ಕೆ ತಾಗುವ ಅಂಚಿನಲ್ಲಿ ಹೊರಪದರವೇ ಸಿಬಿರೆದ್ದು ಹೊರಕ್ಕೆ ಬಾಗುತ್ತದೆ, ನಾಲ್ಕೂ ಕಾಲಿನಲ್ಲಿ.

ಶೆಟ್ಲೆಂಡ್

107 ಸೆಂ.ಮೀ., ಅಂದರೆ 42 ಅಂಗುಲ ಮೀರದ್ದು ಶೆಟ್ಲೆಂಡ್. 34 ಅಂಗುಲ ಮೀರದ್ದು ಮಿನಿಯೇಚರ್. ತಳಿಪುಸ್ತಕ ಶುರುವಾದದ್ದು 1890ರಲ್ಲಿ. ಚುಕ್ಕಿಚುಕ್ಕಿ ಮೈಯೊಂದನ್ನು ಬಿಟ್ಟು ಯಾವ ಬಣ್ಣವಾದರೂ ಸರಿ. 1842ರ ಕಾನೂನು ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯ ಒಳಗೆ ದುಡಿಸುವುದನ್ನು ನಿಲ್ಲಿಸಿದ ಮೇಲೆ ತಗ್ಗಿನ ಸುರಂಗಗಳಲ್ಲಿ ಕಲ್ಲಿದ್ದಲು ಎಳೆಯಲು ಈ ಪೋನಿಗಳು ಹೋದವು. ಗಿಡ್ಡ ಕಾಲು, ಭಾರೀ ಮೈ ಎಂಬ ಮಾದರಿ ಆಗ ಇನ್ನಷ್ಟು ಗಟ್ಟಿಯಾಯಿತು.

ಮಗುವಿಗೆಂದು ಮೊದಲು ತರುವುದು ಇದನ್ನೇ, ಹೆಚ್ಚು ತಪ್ಪಾಗುವುದೂ ಇದರಲ್ಲೇ. ಗಾತ್ರ ಆಟಿಕೆಯಂತಿದ್ದರೂ ಬುದ್ಧಿ, ಬಲ ಪೂರ್ತಿ ಕುದುರೆಯದ್ದು. ದೊಡ್ಡವರು ಹತ್ತಿ ಕಲಿಸುವಂತಿಲ್ಲ, ನೆಲದ ಮೇಲೆ ನಿಂತೇ ಕಲಿಸಬೇಕು. ಕೈಯಲ್ಲಿ ತಿಂಡಿ ತಿನ್ನಿಸಿದರೆ ಕಚ್ಚಲು ಕಲಿಯುತ್ತದೆ. ತಿನ್ನಿಸುವುದಾದರೆ ಬಟ್ಟಲಿನಲ್ಲಿ ಹಾಕಿ.

ತಳಿ ಯಾವುದಾದರೂ ಎಲ್ಲಕ್ಕೂ ಸಮಾನವಾದ ಶತ್ರು ಒಂದಿದೆ: ಒಳ್ಳೆಯ ಹುಲ್ಲು. ಕಲ್ಲುಬೆಟ್ಟದ ಬಡ ಮೇವಿನಲ್ಲಿ ಬದುಕಲು ಹುಟ್ಟಿದ ದೇಹ ಸಿಕ್ಕ ಸಕ್ಕರೆಯನ್ನೆಲ್ಲ ಕೂಡಿಡುತ್ತದೆ. ಗೊಬ್ಬರ ಹಾಕಿ ಬೆಳೆಸಿದ ಹಸಿರು ಹೊಲಕ್ಕೆ ಬಿಟ್ಟರೆ ರಕ್ತದಲ್ಲಿ ಇನ್ಸುಲಿನ್ ಏರಿ, ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಟ್ಟಿರುವ ಪದರ ಸಡಿಲವಾಗುತ್ತದೆ. ಇದೇ ಲ್ಯಾಮಿನೈಟಿಸ್. ಮುಂಗಾಲು ಮುಂದೆ ಚಾಚಿ ಹಿಮ್ಮಡಿಯ ಮೇಲೆ ಭಾರ ಹಾಕಿ ನಿಲ್ಲುವುದು, ತಿರುಗುವಾಗ ಕುಂಟುವುದು, ಗಿಣ್ಣಿನ ಹಿಂದೆ ನಾಡಿ ಬಲವಾಗಿ ಬಡಿಯುವುದು ಕಂಡರೆ ನಡೆಸಬೇಡಿ, ಪಶುವೈದ್ಯರನ್ನು ಕರೆಸಿ. ಅದಕ್ಕೂ ತಿಂಗಳುಗಳ ಮೊದಲೇ ಕತ್ತಿನ ಮೇಲ್ಭಾಗ ಗಟ್ಟಿಯಾಗಿ ಉಬ್ಬುತ್ತದೆ. ಹಿಡಿದು ಅಲುಗಿಸಿದರೆ ಎರಡೂ ಬದಿಗೆ ಬಾಗದಷ್ಟು ಬಿಗಿಯಾಗಿದ್ದರೆ ಮೇವು ಕಡಿಮೆ ಮಾಡುವ ಕಾಲ ಮೀರುತ್ತಿದೆ ಎಂದರ್ಥ. ಹಿಮಗಟ್ಟಿದ ರಾತ್ರಿಯ ಮರುದಿನ ಬಿಸಿಲು ಬಂದಾಗಲೂ ಎಚ್ಚರ ಬೇಕು. ಚಳಿಗೆ ಹುಲ್ಲು ಬೆಳೆಯುವುದಿಲ್ಲ, ಬಿಸಿಲಿಗೆ ತಯಾರಾದ ಸಕ್ಕರೆ ಖರ್ಚಾಗದೆ ಎಲೆಯಲ್ಲೇ ಉಳಿಯುತ್ತದೆ.

ಮೇವನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಎಲುಬಿನ ತುದಿಯವರೆಗಿನ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 150, ಉದ್ದ 130 ಇದ್ದರೆ ಸುಮಾರು 246 ಕಿಲೋ. ತೂಕ ಇಳಿಸಬೇಕಾದ ಪೋನಿಗೆ ದಿನಕ್ಕೆ ಮೈತೂಕದ ನೂರಕ್ಕೆ 1.5 ಪಾಲು ಒಣಪದಾರ್ಥ, ಅಂದರೆ 3.7 ಕಿಲೋ. ಒಣಹುಲ್ಲಿನಲ್ಲೂ ತುಸು ನೀರಿರುವುದರಿಂದ ತಕ್ಕಡಿಯಲ್ಲಿ ಅದು ಸುಮಾರು 4.2 ಕಿಲೋ ಆಗುತ್ತದೆ. ಸಕ್ಕರೆ ಕಡಿಮೆಯಾಗಲೆಂದು ಒಣಹುಲ್ಲನ್ನು ತಣ್ಣೀರಿನಲ್ಲಿ ಒಂದು ಗಂಟೆಗಿಂತ ಹೆಚ್ಚು ನೆನೆಸಿ ಕೊಡುವುದುಂಟು. ನೆನೆಸುವ ಮೊದಲೇ ತೂಗಬೇಕು. ನೆನೆಸಿದ ನೀರು ಕುಡಿಯಲು ಸಿಗದಂತೆ ಚೆಲ್ಲಿ. ನೆನೆಸಿದ ಹುಲ್ಲನ್ನು ಬಿಸಿಲಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹುಳಿಯಾಗುತ್ತದೆ.

ಹಾಗೆಂದು ಉಪವಾಸ ಕೆಡವಬಾರದು. ದಪ್ಪಗಿರುವ ಪೋನಿಗೆ, ಅದರಲ್ಲೂ ಗಬ್ಬದ ಶೆಟ್ಲೆಂಡ್‌ಗೆ, ಒಮ್ಮೆಲೇ ಮೇವು ನಿಲ್ಲಿಸಿದರೆ ಮೈಕೊಬ್ಬು ರಕ್ತಕ್ಕೆ ನುಗ್ಗಿ ಪಿತ್ತಜನಕಾಂಗವನ್ನು ಮುಳುಗಿಸುತ್ತದೆ. ಮಂಕಾಗಿ ನಿಂತು ಮೇವಿಗೆ ಬಾಯಿ ಹಾಕದಿದ್ದರೆ ಆ ದಿನವೇ ವೈದ್ಯರು ಬರಬೇಕು. ಕಡಿಮೆ ಮಾಡುವುದು ವಾರಗಳ ಕೆಲಸ. ಅದಕ್ಕೆ ಸರಿಯಾದ ಕಾಲ ಚಳಿಗಾಲ, ಹೊದಿಕೆಯಿಲ್ಲದೆ. ಬೆಟ್ಟದ ಪೋನಿಗಳು ಪ್ರತಿ ವರ್ಷ ಹಾಗೆಯೇ ಇಳಿಯುತ್ತವೆ. ಮಾರ್ಚ್ ಹೊತ್ತಿಗೆ ದಪ್ಪ ಕೂದಲಿನೊಳಗೆ ಅಂಗೈ ಇಟ್ಟು ಸರಿಸಿದರೆ ಪಕ್ಕೆಲುಬು ಒತ್ತದೆಯೇ ಎಣಿಕೆಗೆ ಸಿಗುವಂತಿರಬೇಕು.